ತಾತನ ಗಾಡಿ, ಹೊಸ ಮದರ್‌ಬೋರ್ಡು

ಕಳೆದ ತಿಂಗಳು ಮನೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡು ಸತ್ತುಹೋಯ್ತು. ಗುಡುಗು ಸಿಡಿಲಿನ ಸಂಜೆ, ಯುಪಿಎಸ್ ಒಮ್ಮೆ ಕುಯ್ ಅಂತು, ಅಷ್ಟೇ. ಎಸ್.ಪಿ. ರೋಡಿಗೆ ಹೋಗಿ ಹೊಸ ಬೋರ್ಡು, ಪ್ರೊಸೆಸರ್, ರ‍್ಯಾಮ್ ತಂದು ಭಾನುವಾರವೆಲ್ಲ ಕೂತು ಜೋಡಿಸಿದೆ. ಆನ್ ಮಾಡಿದರೆ ನನ್ನ ಫೈಲು, ನನ್ನ ವಾಲ್‌ಪೇಪರು ಎಲ್ಲ ಇದ್ದಲ್ಲೇ ಇದ್ದವು. ಸ್ವಲ್ಪ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ತೆಳು ಬೂದು ಅಕ್ಷರ ಮೂಡಿತು: ಆಕ್ಟಿವೇಟ್ ವಿಂಡೋಸ್.

ವಿಂಡೋಸ್ ಲೆಕ್ಕದಲ್ಲಿ ಇದು ಬೇರೆ ಕಂಪ್ಯೂಟರು. ನಮ್ಮೂರಲ್ಲಿ ಇಂಥ ಲೆಕ್ಕ ಯಾರೂ ಹಾಕಲ್ಲ. ಕೊಟ್ಟಿಗೆ ಪಕ್ಕ ನಿಂತಿರುವ ಎತ್ತಿನ ಗಾಡಿಯ ಚಕ್ರ ಎರಡು ಸಲ ಬದಲಾಗಿದೆ, ಅಚ್ಚು ಮುರಿದು ಹೊಸದು ಬಂದಿದೆ, ನೊಗ ಅಪ್ಪ ಮಾಡಿಸಿದ್ದು. ಆದರೂ ಅದು ತಾತನ ಗಾಡಿಯೇ. ಗಾಡಿ ಯಾವಾಗ ಬೇರೆ ಗಾಡಿ ಆಗುತ್ತೆ ಅನ್ನೋದನ್ನ ಅಂಕಿಯಲ್ಲಿ ಬರೆದಿಡಬೇಕಾಗಿ ಬಂದದ್ದು ಸಾಫ್ಟ್‌ವೇರ್ ಮಾರುವವರಿಗೆ.

ಜಗಳ ಹಳೆಯದು. 1976ರ ಫೆಬ್ರವರಿಯಲ್ಲಿ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದ. ಆಲ್ಟೇರ್ ಎಂಬ ಯಂತ್ರಕ್ಕೆ ಅವನ ತಂಡ ಬರೆದಿದ್ದ ಬೇಸಿಕ್ ಅನ್ನು ಜನ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ನಕಲು ಮಾಡಿ ಹಂಚುತ್ತಿದ್ದರು. ಬಳಸುವವರಲ್ಲಿ ಹೆಚ್ಚಿನವರು ಕೊಂಡವರೇ ಅಲ್ಲ, ಇದು ಕಳ್ಳತನ ಅಂತ ಅವನ ಸಿಟ್ಟು. ಸಿಟ್ಟಿಗೆ ತಕ್ಕ ಬೀಗ ಮಾತ್ರ ಬಹಳ ಕಾಲ ಬರಲಿಲ್ಲ. ವಿಂಡೋಸ್ 95ರ ಸಿಡಿ ಕೀ ನೆನಪಿದೆಯಾ? ಮೂರು ಅಂಕಿ, ಒಂದು ಗೆರೆ, ಆಮೇಲೆ ಏಳು ಅಂಕಿ. ಆ ಏಳನ್ನೂ ಕೂಡಿದರೆ ಬರುವ ಮೊತ್ತ ಏಳರಿಂದ ಭಾಗವಾದರೆ ಹೆಚ್ಚುಕಡಿಮೆ ಬಾಗಿಲು ತೆಗೆದ ಹಾಗೇ. 111-1111111 ಅಂತ ಒತ್ತಿದರೂ ಒಪ್ಪುತ್ತಿತ್ತು. ಏಳರ ಮಗ್ಗಿ ಬಂದರೆ ಸಾಕಿತ್ತು ಅನ್ನಿ.

2001ರ ಅಕ್ಟೋಬರ್ 25ಕ್ಕೆ ಬಂದ ಎಕ್ಸ್‌ಪಿ ಈ ಉದಾರತೆಗೆ ಕೊನೆ ಹಾಡಿತು. ಕೀ ಒಂದೇ ಸಾಲದು, 30 ದಿನದೊಳಗೆ ಆಕ್ಟಿವೇಟ್ ಮಾಡಬೇಕು. ಇಂಟರ್‌ನೆಟ್ ಇಲ್ಲದಿದ್ದರೆ ಫೋನ್ ಮಾಡಿ 50 ಅಂಕಿ ಓದಿ ಹೇಳಬೇಕು, ಅವರು ಹೇಳುವ 42 ಅಂಕಿ ಬರೆದುಕೊಂಡು ಒತ್ತಬೇಕು. ಆ 50 ಅಂಕಿಯೊಳಗೆ ನಿಮ್ಮ ಯಂತ್ರದ ಒಂದು ಮಸುಕು ಚಿತ್ರ ಇರುತ್ತಿತ್ತು. ಹೊರಗಿನವರಿಗೆ ಅದರ ಒಳಗುಟ್ಟು ಗೊತ್ತಾದದ್ದು ಬರ್ಲಿನ್ನಿನ ಫುಲ್ಲಿ ಲೈಸೆನ್ಸ್ಡ್ ಎಂಬ ಪುಟ್ಟ ಕಂಪನಿಯಿಂದ. ಎಕ್ಸ್‌ಪಿ ಮಾರುಕಟ್ಟೆಗೆ ಬರುವ ಮೊದಲೇ, 2001ರ ಜುಲೈನಲ್ಲಿ, ಅವರು ಅದನ್ನು ಬಿಚ್ಚಿ ಪ್ರಕಟಿಸಿದ್ದರು. ಪ್ರೊಸೆಸರ್ ಮಾದರಿ, ಅದರ ಸೀರಿಯಲ್ ನಂಬರ್, ಹಾರ್ಡ್ ಡಿಸ್ಕ್, ಡಿಸ್ಕಿನ ವಾಲ್ಯೂಮ್ ನಂಬರ್, ಡಿಸ್‌ಪ್ಲೇ ಕಾರ್ಡ್, ಸಿಡಿ ಡ್ರೈವ್, ಐಡಿಇ, ಎಸ್‌ಸಿಎಸ್‌ಐ, ನೆಟ್‌ವರ್ಕ್ ಕಾರ್ಡ್, ರ‍್ಯಾಮ್ ಎಷ್ಟಿದೆ ಅನ್ನೋದು: ಒಟ್ಟು ಹತ್ತು. ಪ್ರತಿಯೊಂದಕ್ಕೂ ಕೆಲವೇ ಬಿಟ್ ಜಾಗ. ರ‍್ಯಾಮಿಗೆ ಮೂರೇ ಬಿಟ್, ಅಂದರೆ ಎಂಟು ಬಗೆಗಿಂತ ಹೆಚ್ಚು ಗುರುತಿಸೋಕೇ ಆಗಲ್ಲ. ನಮ್ಮ ಯಂತ್ರದ ಜಾತಕವೆಲ್ಲ ಅಮೆರಿಕಕ್ಕೆ ಹೋಗುತ್ತೆ ಅಂತ ಹೆದರಿದ್ದವರಿಗೆ ಇದು ಸಮಾಧಾನ ಕೊಟ್ಟಿತು. ಎಂಜಿನಿಯರ್ ಆಗಿ ನೋಡಿದರೆ ನನಗೆ ಈಗಲೂ ಇದು ಮೆಚ್ಚುವಂಥ ಕೆಲಸ.

ಇನ್ನು ಗಾಡಿಯ ಪ್ರಶ್ನೆ. ನೆಟ್‌ವರ್ಕ್ ಕಾರ್ಡ್ ಹಳೆಯದೇ ಇದ್ದರೆ ಉಳಿದವುಗಳಲ್ಲಿ ಆರು ಬದಲಾಗುವವರೆಗೂ ಅದು ಅದೇ ಕಂಪ್ಯೂಟರು. ಆ ಕಾರ್ಡೂ ಬದಲಾಗಿದ್ದರೆ, ಅದನ್ನೂ ಸೇರಿಸಿ ನಾಲ್ಕಕ್ಕೇ ಕತೆ ಮುಗೀತು. ನೆಟ್‌ವರ್ಕ್ ಕಾರ್ಡಿಗೇ ಯಾಕೆ ಇಷ್ಟು ಮರ್ಯಾದೆ ಅಂದರೆ ಅದರ ವಿಳಾಸ ಜಗತ್ತಲ್ಲಿ ಇನ್ನೊಂದಕ್ಕೆ ಇರಬಾರದು ಅನ್ನೋ ನಿಯಮ. ಮೊದಮೊದಲು ಮಿತಿ ದಾಟಿದ ತಕ್ಷಣ ಬಾಗಿಲು ಮುಚ್ಚುತ್ತಿತ್ತು. ಸರ್ವಿಸ್ ಪ್ಯಾಕ್ 1 ಬಂದಮೇಲೆ ಮೂರು ದಿನದ ಗಡುವು ಸಿಕ್ಕಿತು.

ಈ ಬೀಗ ಕಟ್ಟುನಿಟ್ಟಾಗಿದ್ದದ್ದು ದುಡ್ಡು ಕೊಟ್ಟವರಿಗೆ. ದೊಡ್ಡ ಕಂಪನಿಗಳಿಗೆಂದು ಆಕ್ಟಿವೇಶನ್ ಬೇಡದ ವಾಲ್ಯೂಮ್ ಕೀ ಇತ್ತು, ಅಂಥದೊಂದು ಎಕ್ಸ್‌ಪಿ ಬಿಡುಗಡೆಗೆ ಮುಂಚೆಯೇ ಸೋರಿಹೋಗಿತ್ತು. ಅದನ್ನು ಮುಚ್ಚಿದರೆ ಇನ್ನೊಂದು ಬರುತ್ತಿತ್ತು. 2007ರಲ್ಲಿ, ನಾನು ಬಿಇ ಓದುವಾಗ, ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ನನಗೆ ಕಂಪ್ಯೂಟರ್ ಕೊಡಿಸಿದರು. ಅಂಗಡಿಯವನು ಎಕ್ಸ್‌ಪಿ ಹಾಕಿ, ಸಿಡಿ ಮೇಲೆ ಸ್ಕೆಚ್ ಪೆನ್ನಲ್ಲಿ 25 ಅಕ್ಷರದ ಕೀ ಬರೆದುಕೊಟ್ಟ. ಎಲ್ಲರಿಗೂ ಅದೇ ಕೀ. ಹಾಸ್ಟೆಲಿನಲ್ಲಿ ಅರ್ಧ ಜನಕ್ಕೆ ಬಾಯಿಪಾಠ ಇತ್ತು.

ಒಂದು ದಿನ ಅಪ್ಪ ಹಾಸ್ಟೆಲಿಗೆ ಬಂದಿದ್ದರು. ಆ ಹೊತ್ತಿಗೇ ಮೈಕ್ರೋಸಾಫ್ಟಿನ ಅಸಲಿ-ನಕಲಿ ಪರೀಕ್ಷೆ ಅಪ್‌ಡೇಟ್ ಜೊತೆ ಬಂದು ಕೂತಿತ್ತು. ಈ ವಿಂಡೋಸ್ ಅಸಲಿ ಅಲ್ಲ, ನೀವು ನಕಲಿ ಸಾಫ್ಟ್‌ವೇರಿನಿಂದ ಮೋಸ ಹೋಗಿರಬಹುದು ಅಂತ ಇಂಗ್ಲಿಷಿನಲ್ಲಿ ಸಂದೇಶ. ಅಪ್ಪ ಎಸ್ಸೆಸ್ಸೆಲ್ಸಿ, ಕೂಡಿಸಿಕೊಂಡು ಓದಿದರು.

"ಏನ್ಲಾ ಇದು? ಪೂರ್ತಿ ದುಡ್ಡು ಎಣಿಸಿಕೊಟ್ಟಿದ್ದೀನಲ್ಲ ಅವನಿಗೆ?"

"ಏನಿಲ್ಲಪ್ಪ, ಎಲ್ಲರದ್ದರಲ್ಲೂ ಹಿಂಗೇ ಬರುತ್ತೆ" ಅಂದೆ. ಅದು ಸುಳ್ಳೂ ಅಲ್ಲ. ಅಪ್ಪ ಮತ್ತೆ ಕೇಳಲಿಲ್ಲ, ಊಟಕ್ಕೂ ನಿಲ್ಲದೆ ಬಸ್ಸಿಗೆ ಹೊರಟರು.

ಕೀ ಕೊಂಡವರೂ ಆಗ ನೆಮ್ಮದಿಯಲ್ಲಿರಲಿಲ್ಲ. 2006ರ ಅಕ್ಟೋಬರಿನಲ್ಲಿ ವಿಸ್ತಾದ ಷರತ್ತುಗಳು ಹೊರಬಂದಾಗ ಲೈಸೆನ್ಸನ್ನು ಇನ್ನೊಂದು ಯಂತ್ರಕ್ಕೆ ಒಂದೇ ಸಲ ಸಾಗಿಸಬಹುದು ಅಂತ ಬರೆದಿತ್ತು. ತಾವೇ ಯಂತ್ರ ಜೋಡಿಸಿಕೊಳ್ಳುವವರು ರೇಗಿದರು, ನವೆಂಬರಿನಲ್ಲಿ ಆ ಸಾಲು ಹೋಯಿತು. 2015ರ ವಿಂಡೋಸ್ 10ರಲ್ಲಿ ಕೀ ಒತ್ತುವುದೇ ಕಡಿಮೆಯಾಯಿತು. ಯಂತ್ರದ ಗುರುತು ಅವರ ಸರ್ವರಿನಲ್ಲಿ, ಅದರಲ್ಲಿ ಮದರ್‌ಬೋರ್ಡಿನ ತೂಕವೇ ಹೆಚ್ಚು. 2016ರ ಆಗಸ್ಟಿನ ಅಪ್‌ಡೇಟಿನಿಂದ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಗಂಟು ಹಾಕಬಹುದು. ಯಂತ್ರದ ಜೊತೆಗೇ ಬಂದ ಒಇಎಂ ಲೈಸೆನ್ಸಾದರೆ ಸಾಮಾನ್ಯವಾಗಿ ಆ ಬೋರ್ಡಿನ ಜೊತೆಗೇ ಮಣ್ಣು. ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸು ನಮ್ಮ ಜೊತೆ ಬರುತ್ತೆ.

ನನ್ನದು ರಿಟೇಲ್. ಸಂಬಳದಲ್ಲಿ ಕೊಂಡಿದ್ದು, ಬಿಲ್ ಇನ್ನೂ ಫೈಲಿನಲ್ಲಿದೆ. ಸೆಟ್ಟಿಂಗ್ಸಿನ ಆಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಅನ್ನೋ ಸಾಲು ಆರಿಸಿ, ಖಾತೆಗೆ ಲಾಗಿನ್ ಆದೆ. ನನ್ನ ಹೆಸರಿನ ಯಂತ್ರಗಳ ಪಟ್ಟಿ ಬಂತು. ಹಳೇ ಡೆಸ್ಕ್‌ಟಾಪಿನ ಹೆಸರು ಮುಟ್ಟಿ, ಈಗ ಬಳಸುತ್ತಿರುವುದು ಇದೇ ಅಂತ ಟಿಕ್ ಹಾಕಿದೆ. ಬೂದು ಅಕ್ಷರ ಮಾಯ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಹೇಳಿದೆ, ನೀವು ಕೊಡಿಸಿದ ಕಂಪ್ಯೂಟರು ರಿಪೇರಿ ಆಯ್ತು ಅಂತ.

"ಅದು ಇನ್ನೂ ಐತಾ?" ಅಂದರು.

ಐತೆ ಅಂದೆ. ಅವರು ಕೊಡಿಸಿದ್ದರಲ್ಲಿ ಈಗ ಉಳಿದಿರೋದು ಹೊರಗಿನ ತಗಡಿನ ಕ್ಯಾಬಿನೆಟ್ ಒಂದೇ. ಎಕ್ಸ್‌ಪಿಯ ಆ ಹತ್ತರ ಪಟ್ಟಿಯಲ್ಲಿ ಅದು ಇರಲೇ ಇಲ್ಲ.