ದೂರದ ಲೆಕ್ಕ, ಹೊತ್ತಿನ ಲೆಕ್ಕ

ಎರಡು ಊರುಗಳ ನಡುವಣ ದೂರವನ್ನು ನಮ್ಮ ಹಿರಿಯರು ಹರದಾರಿಗಳಲ್ಲಿ ಹೇಳುತ್ತಿದ್ದರು. 'ಎರಡು ದಿನದ ಹಾದಿ' ಎಂದೂ ಹೇಳುತ್ತಿದ್ದರು. ಇವೆರಡೂ ಒಂದೇ ಲೆಕ್ಕವಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಹರದಾರಿ ಬದಲಾಗದು. ಹೊತ್ತಾದರೋ, ದಾರಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ನಿಲ್ಲಬೇಕೆಂಬುದರ ಮೇಲೆ ನಿಂತಿದೆ.

ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ಹೊಳೆ ದಾಟಿದರೆ ಹಂಪೆ. ಇಮ್ಮಡಿ ದೇವರಾಯನ ಕಾಲದಲ್ಲಿ, ತೈಮೂರನ ಮಗನಾದ ಷಾರುಖನ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿಗೆ ಬಂದನು. ಆತನು ಹೆರಾತ್ ಪಟ್ಟಣವನ್ನು ಬಿಟ್ಟದ್ದು 1442ರ ಜನವರಿಯಲ್ಲಿ. ವಿಜಯನಗರವನ್ನು ಕಂಡದ್ದು 1443ರ ಏಪ್ರಿಲಿನಲ್ಲಿ. ನೇರವಾಗಿ ಅಳೆದರೆ ದೂರ ಸುಮಾರು 2,500 ಕಿಲೋಮೀಟರು. ಇಷ್ಟಕ್ಕೆ ಹದಿನೈದು ತಿಂಗಳೇ ಎಂದು ನೀವು ಕೇಳಬಹುದು. ಹಡಗಿಗೆ ಅನುಕೂಲವಾದ ಗಾಳಿಯ ಕಾಲ ತಪ್ಪಿದ್ದರಿಂದ ಆತನು ಅರಬ್ಬೀ ತೀರದಲ್ಲಿ ಕಾದನು. ಆಮೇಲೆ ಕಲ್ಲಿಕೋಟೆಯಲ್ಲಿಯೂ ತಿಂಗಳುಗಟ್ಟಲೆ ತಂಗಿದನು. ಬಹುಪಾಲು ಕಾಲ ಕಳೆದದ್ದು ಕಾಯುವುದರಲ್ಲಿ.

ಈಗ ಆಕಾಶಮಾರ್ಗವನ್ನು ನೋಡೋಣ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆಯ ಚೀಲಗಳನ್ನು ಪುಟ್ಟ ವಿಮಾನದಲ್ಲಿ ಹೇರಿಕೊಂಡು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಬಂದಿಳಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬವರು ಆ ಅಂಚೆಯನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಆ ವಿಮಾನಗಳ ವೇಗ ಗಂಟೆಗೆ ಸುಮಾರು 100 ಮೈಲಿ. ದಾರಿ ತೋರುವ ರೇಡಿಯೋ ಕೂಡ ಅವುಗಳಲ್ಲಿರಲಿಲ್ಲ. ನಕಾಶೆಯಲ್ಲಿ ಮುಂಬಯಿಯಿಂದ ಬಳ್ಳಾರಿಗೆ ಒಂದು ಗೆರೆ ಎಳೆದು ನೋಡಿ. ಅದು ಆಗ ನಿಜಾಮರ ಸೀಮೆಯಲ್ಲಿದ್ದ ಕುಷ್ಟಗಿ, ಗಂಗಾವತಿಗಳ ಸಮೀಪದಲ್ಲಿಯೇ ಹಾಯುತ್ತದೆ. ಮುಂದೆ ಮಾರ್ಗವು ಹೈದರಾಬಾದಿನ ಕಡೆಗೆ ತಿರುಗಿತು. ಬಳ್ಳಾರಿಯ ಹೆಸರು ಆ ವೇಳಾಪಟ್ಟಿಯಿಂದ ಅಳಿಯಿತು.

ನಿಲುಗಡೆಗಳು ಕಡಮೆಯಾಗುತ್ತ ಬಂದು, 2021ರ ಜನವರಿಯಲ್ಲಿ ಒಂದೂ ಇಲ್ಲದಂತಾಯಿತು. ಏರ್ ಇಂಡಿಯಾದ ಮಹಿಳಾ ವೈಮಾನಿಕರು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳಲ್ಲಿ ಬೆಂಗಳೂರಿಗೆ ಬಂದರು. ನೇರ ಅಂತರ ಸುಮಾರು 14,000 ಕಿಲೋಮೀಟರು; ಹಾರಿದ ದಾರಿ ಸುಮಾರು 16,000. ಗಾಳಿಯ ದಿಕ್ಕನ್ನು ನೋಡಿಕೊಂಡು ಹಾರುವ ವಿಮಾನಕ್ಕೆ ಸುತ್ತುದಾರಿಯೂ ಒಮ್ಮೊಮ್ಮೆ ಲಾಭವೇ. ಗಾಳಿಯ ಹಂಗು ರಜಾಕನ ಹಡಗಿಗಿದ್ದಂತೆ ವಿಮಾನಕ್ಕೂ ಉಂಟು. ಆದರೆ ಈಗ ಅದನ್ನು ಕಾಯುತ್ತ ಕೂರಬೇಕಾಗಿಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ನಿಲ್ಲದೆ ಹೋಗುವ ವಾಹನವು ದಾರಿಯ ಊರುಗಳಿಗೆ ಏನನ್ನೂ ಇಳಿಸಿ ಹೋಗುವುದಿಲ್ಲ. ಕೊಪ್ಪಳಕ್ಕೆ ರೈಲು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತ್ತು. ಕುಷ್ಟಗಿಗೆ ಬಂದದ್ದು 2025ರಲ್ಲಿ. ಎಂದರೆ ಆ ಮೊದಲ ವಿಮಾನದ ಅಂಚೆ ಬಳ್ಳಾರಿಗೆ ಮುಟ್ಟಿದ ತೊಂಬತ್ತಮೂರು ವರ್ಷಗಳ ಮೇಲೆ. ಯಲಬುರ್ಗಿಯಿಂದ ಬೆಂಗಳೂರಿನ ಸುಮಾರು 400 ಕಿಲೋಮೀಟರಿಗೆ ಬಸ್ಸಿನಲ್ಲಿ ಒಂದು ರಾತ್ರಿಯೇ ಬೇಕು. ಅದಕ್ಕಿಂತ ಮೂವತ್ತೈದು ಪಾಲು ದೂರದ ಅಮೆರಿಕೆಯ ಪಟ್ಟಣಕ್ಕೆ ಆ ಹೊತ್ತಿನ ಎರಡು ಪಾಲು ಸಾಕಾಯಿತು.

ಆದುದರಿಂದ ವಿಮಾನ ನಿಲ್ದಾಣಗಳ ನಡುವಣ ಹೊತ್ತನ್ನು ಯಾರಾದರೂ ಹೇಳಿದಾಗ, ನಿಮ್ಮ ಮನೆಯ ಹೊಸ್ತಿಲಿನಿಂದ ಮೊದಲ ನಿಲ್ದಾಣದವರೆಗಿನ ಹೊತ್ತನ್ನೂ ಅದಕ್ಕೆ ಕೂಡಿಸಿಕೊಳ್ಳಿ. ಪ್ರಯಾಣದ ನಿಜವಾದ ಲೆಕ್ಕ ಅದು.