ಬಂಡೆ ಹೇಳಿದ ಹೆಸರು, ನಾವು ಇಟ್ಟ ಹೆಸರು

ನಮ್ಮ ಮಸ್ಕಿ ಅಂದ್ರೆ ಬೆಂಗಳೂರಿನಲ್ಲಿ ಬಹಳ ಜನಕ್ಕೆ ನೆನಪಾಗೋದು ಸ್ಕೂಲಿನ ಸಮಾಜ ಪುಸ್ತಕದ ಒಂದು ಸಾಲು. ಅಶೋಕನ ಹೆಸರಿರೋ ಶಾಸನ ಸಿಕ್ಕ ಊರು. ಒಂದು ಮಾರ್ಕಿನ ಪ್ರಶ್ನೆ. ಆ ಒಂದು ಮಾರ್ಕಿನ ಹಿಂದೆ ಸುಮಾರು ಎಂಬತ್ತು ವರ್ಷದ ಹುಡುಕಾಟ ಇದೆ. ಡೇಟಾ ಜೊತೆ ಕೆಲಸ ಮಾಡೋ ಯಾರಿಗಾದರೂ ಅದು ಗೊತ್ತಿರಬೇಕು ಅಂತ ನನಗನ್ನಿಸುತ್ತೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತದಲ್ಲಿ ಕೂತು ಬ್ರಾಹ್ಮಿ ಲಿಪಿಯ ಗಂಟು ಬಿಚ್ಚಿದ. ದಿಲ್ಲಿ ಮತ್ತು ಅಲಹಾಬಾದಿನ ಕಂಬ, ಗುಜರಾತಿನ ಗಿರ್ನಾರ್ ಬಂಡೆ, ಒಡಿಶಾದ ಧೌಲಿ ಬಂಡೆ. ಒಂದಕ್ಕೊಂದು ನೂರಾರು ಮೈಲಿ ದೂರ. ಆದರೂ ಎಲ್ಲ ಕಡೆ ಅದೇ ಧಾಟಿ, ಅದೇ ಧಮ್ಮದ ಮಾತು, ಅದೇ ಬಿರುದು: ದೇವಾನಂಪಿಯ ಪಿಯದಸಿ. ಇಷ್ಟು ಹೋಲಿಕೆ ಸುಮ್ಮನೆ ಬರಲ್ಲ, ಹಿಂದೆ ಒಬ್ಬನೇ ರಾಜ ಇದ್ದಾನೆ ಅನ್ನೋದು ಸ್ಪಷ್ಟ ಇತ್ತು. ಆದರೆ ಯಾರು? ಪ್ರಿನ್ಸೆಪ್ ಮೊದಲು ಊಹಿಸಿದ್ದು ಸಿಂಹಳದ ರಾಜ ದೇವಾನಂಪಿಯ ತಿಸ್ಸನನ್ನ. ಅಂದರೆ ಒಬ್ಬನೇ ರಾಜ ಅನ್ನೋ ಲೆಕ್ಕ ಸರಿ, ಕೊಟ್ಟ ಹೆಸರು ತಪ್ಪು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ದೀಪವಂಸ ನೋಡಿ, ಪಿಯದಸಿ ಅಂದರೆ ಅಶೋಕ ಅಂತ ತಿದ್ದಿದ. ಆದರೂ ಅದು ಗ್ರಂಥದ ಸಾಕ್ಷಿ, ಕಲ್ಲಿನದಲ್ಲ.

ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರ ಜನವರಿಯಲ್ಲಿ. ಆಗ ಮಸ್ಕಿ ನಿಜಾಮನ ರಾಜ್ಯದಲ್ಲಿತ್ತು. ಚಿನ್ನದ ಅದಿರು ಹುಡುಕುತ್ತ ಬಂದಿದ್ದ ಸಿ. ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಗುಡ್ಡದ ಬಂಡೆಯ ಮೇಲಿನ ಅಕ್ಷರ ಬಿದ್ದವು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಬಿರುದಿನ ಪಕ್ಕದಲ್ಲೇ ಹೆಸರಿತ್ತು: ಅಸೋಕಸ. ನಮ್ಮೂರವರು ಈಗಲೂ ‘ಅಶೋಕನ ಹೆಸರಿರೋದು ಮಸ್ಕಿಯಲ್ಲಿ ಮಾತ್ರ’ ಅಂತ ಎದೆ ತಟ್ಟಿ ಹೇಳ್ತಾರೆ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಕೂಡ ಆ ಹೆಸರು ಸಿಕ್ಕಿದೆ. ಇದರಿಂದ ಮಸ್ಕಿಯ ಬೆಲೆ ಕಡಿಮೆ ಆಗಲ್ಲ. ಒಂದು ಸಾಕ್ಷಿ ನಾಲ್ಕಾಯಿತು, ಅಷ್ಟೇ.

ಇಲ್ಲಿ ಮೂರು ಹೆಜ್ಜೆ ಇವೆ ನೋಡ್ರಿ. ಬೇರೆಬೇರೆ ಕಡೆ ಹೋಲಿಕೆ ಕಂಡಿತು. ಹೋಲಿಕೆಯ ಹಿಂದೆ ಕಣ್ಣಿಗೆ ಕಾಣದ ಒಂದೇ ಕಾರಣ ಇದೆ ಅಂದುಕೊಂಡೆವು. ಆ ಕಾರಣಕ್ಕೆ ಹೆಸರಿಟ್ಟೆವು. ಮನಶ್ಶಾಸ್ತ್ರ, ಶಿಕ್ಷಣ, ಬಿಸಿನೆಸ್ ಸಂಶೋಧನೆಯಲ್ಲಿ ನೂರು ವರ್ಷದಿಂದ ನಡೀತಿರೋ ‘ಫ್ಯಾಕ್ಟರ್ ಅನಾಲಿಸಿಸ್’ ಇದೇ ಕೆಲಸ ಮಾಡುತ್ತೆ. ಮೊದಲ ಎರಡು ಹೆಜ್ಜೆ ಗಣಿತದ್ದು. ಮೂರನೆಯದು ಮನುಷ್ಯನದ್ದು. ತೊಂದರೆ ಎಲ್ಲ ಶುರುವಾಗೋದು ಅಲ್ಲೇ.

ಚಾರ್ಲ್ಸ್ ಸ್ಪಿಯರ್‌ಮನ್ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ಮೂವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಜರ್ಮನಿಗೆ ಮನಶ್ಶಾಸ್ತ್ರ ಓದೋಕೆ ಹೋದ. 1904ರಲ್ಲಿ ಬರೆದ ಪ್ರಸಿದ್ಧ ಲೇಖನಕ್ಕೆ ಅವನು ಬಳಸಿದ ಅಂಕಿಗಳಲ್ಲಿ ಒಂದು ಹಳ್ಳಿ ಶಾಲೆಯ ಮಕ್ಕಳದೂ ಇತ್ತು. ಒಂದು ವಿಷಯದಲ್ಲಿ ಚೆನ್ನಾಗಿ ಮಾಡೋ ಮಗು ಸಾಮಾನ್ಯವಾಗಿ ಉಳಿದವುಗಳಲ್ಲೂ ಚೆನ್ನಾಗಿ ಮಾಡುತ್ತೆ ಅನ್ನೋದು ಅವನಿಗೆ ಕಂಡಿತು.

ಲೆಕ್ಕ ಹೇಗೆ ಅಂತ ಒಂದು ಸಣ್ಣ ಉದಾಹರಣೆ. ಅಂಕಿಗಳು ತಿಳಿಯೋಕೆ ಅಂತ ನಾನೇ ಹಿಡಿದವು. ಗಣಿತ ಮತ್ತು ವಿಜ್ಞಾನದ ಮಾರ್ಕುಗಳ ನಡುವಿನ ಸಹಸಂಬಂಧ 0.72, ಗಣಿತ ಮತ್ತು ಸಮಾಜದ್ದು 0.63, ವಿಜ್ಞಾನ ಮತ್ತು ಸಮಾಜದ್ದು 0.56 ಅಂತ ಇಟ್ಟುಕೊಳ್ಳಿ. ಈಗ ಕಾಣದ ಒಂದೇ ‘ಅದು’ ಇದೆ, ಅದರ ಜೊತೆ ಗಣಿತಕ್ಕೆ 0.9, ವಿಜ್ಞಾನಕ್ಕೆ 0.8, ಸಮಾಜಕ್ಕೆ 0.7 ನಂಟು ಅಂತ ಊಹಿಸಿ. ಎರಡೆರಡನ್ನ ಗುಣಿಸಿ ನೋಡಿ: 0.9 × 0.8 = 0.72, 0.9 × 0.7 = 0.63, 0.8 × 0.7 = 0.56. ಮೂರೂ ಸಂಬಂಧಗಳು ಒಂದೇ ಅಡಗಿದ ಅಂಶದಿಂದ ಹೊರಬಂದವು. ಆ 0.9, 0.8, 0.7ಕ್ಕೆ ‘ಲೋಡಿಂಗ್’ ಅಂತಾರೆ. ಆ ‘ಅದು’ ಫ್ಯಾಕ್ಟರ್.

ಸ್ಪಿಯರ್‌ಮನ್ ಅದಕ್ಕೆ ಇಟ್ಟ ಹೆಸರು ಸಾಮಾನ್ಯ ಬುದ್ಧಿಶಕ್ತಿ, ಚಿಕ್ಕದಾಗಿ ‘ಜಿ’. ಲೆಕ್ಕದಲ್ಲಿ ಎಲ್ಲೂ ಬುದ್ಧಿ ಅನ್ನೋ ಪದ ಇಲ್ಲ. ಅಲ್ಲಿರೋದು ಮಾರ್ಕುಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ ಅನ್ನೋದು ಮಾತ್ರ. ಮನೆಯಲ್ಲಿ ಓದಿದವರು ಇರೋದು, ಟ್ಯೂಷನ್ನು, ಹೊಟ್ಟೆತುಂಬ ಊಟ, ಎಲ್ಲ ವಿಷಯದ ಪ್ರಶ್ನೆಪತ್ರಿಕೆಯೂ ಮನೆಯಲ್ಲಿ ಆಡದ ಭಾಷೆಯಲ್ಲಿ ಇರೋದು, ಇವು ಕೂಡ ಎಲ್ಲ ಮಾರ್ಕುಗಳನ್ನ ಒಟ್ಟಿಗೆ ಎತ್ತುತ್ತವೆ, ಒಟ್ಟಿಗೆ ಕೆಡವುತ್ತವೆ.

ಈ ವಿದ್ಯೆ ನಮ್ಮ ಕಡೆಗೆ ಬೇಗನೇ ಬಂತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಕಲ್ಕತ್ತದ ನಂತರ ದೇಶಕ್ಕೆ ಎರಡನೆಯದು. ಅದನ್ನ ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರವೇ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ರೇಡಿಯೋ ಶುರು ಮಾಡಿದವರು ಅಂತ ನಮಗೆಲ್ಲ ಗೊತ್ತಿರೋದು ಇದೇ ಗೋಪಾಲಸ್ವಾಮಿಯವರು. ಇತ್ತ ಬ್ರಿಟಿಷ್ ಮುಂಬೈ ಪ್ರಾಂತ್ಯದಲ್ಲಿ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಆ ಕೆಲಸದ ಪುಸ್ತಕ 1940ರಲ್ಲಿ ಬಂತು. ‘ಬಿನೆ-ಕಾಮತ್ ಪರೀಕ್ಷೆ’ ಇವತ್ತಿಗೂ ಬಳಕೆಯಲ್ಲಿದೆ. ಮಗುವಿನ ಬೌದ್ಧಿಕ ಅಂಗವೈಕಲ್ಯ ತಿಳಿಯೋಕೆ ಅಪ್ಪ-ಅಮ್ಮ ಆಸ್ಪತ್ರೆಗೆ ಹೋದಾಗ ಎದುರಾಗೋ ಪರೀಕ್ಷೆಗಳಲ್ಲಿ ಇದೂ ಒಂದು. ಅಲ್ಲಿ ಬರೋ ಒಂದು ಅಂಕಿಯ ಮೇಲೆ ಸರ್ಟಿಫಿಕೇಟು, ಸವಲತ್ತು, ಶಾಲೆ ಎಲ್ಲ ನಿಂತಿರುತ್ತೆ. ಪ್ರಶ್ನೆ ಯಾವ ಭಾಷೆಯದು, ಯಾವ ನೆಲದ್ದು ಅನ್ನೋದು ಎಷ್ಟು ಮುಖ್ಯ ಅಂತ ಕಾಮತರ ಕಾಲದಲ್ಲೇ ಗೊತ್ತಿತ್ತು. ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಕನ್ನಡಕ್ಕೆ ಹೊಂದಿಸುವ ಅಗತ್ಯವೇ ಇರಲಿಲ್ಲ.

ಅಮೆರಿಕದಲ್ಲಿ ಲೂಯಿ ಥರ್ಸ್ಟನ್ ಅಂತ ಒಬ್ಬ. ಎಂಜಿನಿಯರಿಂಗ್ ಓದಿ ಮನಶ್ಶಾಸ್ತ್ರಕ್ಕೆ ಬಂದವನು. 1938ರಲ್ಲಿ 240 ವಿದ್ಯಾರ್ಥಿಗಳಿಗೆ 56 ಪರೀಕ್ಷೆ ಕೊಟ್ಟು ಫಲಿತಾಂಶ ಪ್ರಕಟಿಸಿದ. ಅವನಿಗೆ ಕಂಡಿದ್ದು ಒಂದು ‘ಜಿ’ ಅಲ್ಲ, ಬೇರೆಬೇರೆ ಏಳು ಸಾಮರ್ಥ್ಯ: ಮಾತಿನ ಗ್ರಹಿಕೆ, ಪದಗಳ ಸರಾಗತೆ, ಸಂಖ್ಯೆ, ಆಕಾರ, ನೆನಪು, ಚುರುಕು ನೋಟ, ತರ್ಕ. ಒಂದೇ ಜಾತಿಯ ಗಣಿತದಿಂದ ಇಷ್ಟು ಬೇರೆ ಉತ್ತರ ಹೇಗೆ ಬಂತು? ಕಾರಣ ‘ರೊಟೇಷನ್’.

ಸಿಂಧನೂರು ಕಡೆ ಹೊಲ ಅಳೆಯೋದನ್ನ ನೆನೆಸಿಕೊಳ್ಳಿ. ಹೊಲದ ಒಂದು ಮೂಲೆಯ ಬಾವಿ ಎಲ್ಲಿದೆ ಅಂದ್ರೆ ಉತ್ತರಕ್ಕೆ ಇಷ್ಟು ಹೆಜ್ಜೆ, ಪೂರ್ವಕ್ಕೆ ಇಷ್ಟು ಹೆಜ್ಜೆ ಅನ್ನಬಹುದು. ಕಾಲುವೆ ಗುಂಟ ಇಷ್ಟು, ಕಾಲುವೆಯಿಂದ ಒಳಗೆ ಇಷ್ಟು ಅಂತಲೂ ಅನ್ನಬಹುದು. ಬಾವಿ, ಮರ, ಬದು ಯಾವುದೂ ಜಾಗ ಬಿಟ್ಟು ಕದಲಿಲ್ಲ. ಗೆರೆ ಮಾತ್ರ ತಿರುಗಿತು. ಫ್ಯಾಕ್ಟರುಗಳೂ ಹೀಗೇ. ಒಂದಕ್ಕಿಂತ ಹೆಚ್ಚು ಫ್ಯಾಕ್ಟರ್ ಇಟ್ಟುಕೊಂಡಾಗ ಗೆರೆಗಳನ್ನ ಎಷ್ಟು ಬೇಕಾದರೂ ತಿರುಗಿಸಬಹುದು, ಅಂಕಿಗಳಿಗೆ ಅಷ್ಟೇ ಚೆನ್ನಾಗಿ ಹೊಂದುತ್ತೆ. ಯಾವ ಗೆರೆ ‘ನಿಜವಾದದ್ದು’ ಅಂತ ಡೇಟಾ ತಾನಾಗಿ ಹೇಳಲ್ಲ. ಓದೋಕೆ ಸುಲಭ ಯಾವುದು ಅಂತ ನಾವು ಆರಿಸಿಕೊಳ್ತೀವಿ.

ಇದು ಪಂಡಿತರ ಜಗಳವಾಗಿ ಉಳಿದಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಕುರ್ಚಿಗೆ ಬಂದ ಸಿರಿಲ್ ಬರ್ಟ್ ಈ ಬುದ್ಧಿ ಬಹುಪಾಲು ಹುಟ್ಟಿನಿಂದಲೇ ಬರುತ್ತೆ ಅಂತ ನಂಬಿದವನು. ಅವನ ವಿಚಾರಗಳ ಪ್ರಭಾವದ ಕಾಲದಲ್ಲೇ ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆ ಬಂತು. ಹನ್ನೊಂದನೇ ವಯಸ್ಸಿನ ಒಂದು ಪರೀಕ್ಷೆ ಮೇಲೆ ಮಕ್ಕಳನ್ನ ಬೇರೆಬೇರೆ ಶಾಲೆಗಳಿಗೆ ವಿಂಗಡಿಸೋ ಪದ್ಧತಿ ಬೇರೂರಿತು. ಬರ್ಟ್ 1971ರಲ್ಲಿ ಸತ್ತ ಮೇಲೆ ಅವಳಿ ಮಕ್ಕಳ ಬಗ್ಗೆ ಅವನು ಕೊಟ್ಟಿದ್ದ ಅಂಕಿಗಳ ಮೇಲೆಯೇ ಗಂಭೀರ ಅನುಮಾನ ಎದ್ದಿತು. ಅಷ್ಟರಲ್ಲಿ ಎಷ್ಟೋ ಮಕ್ಕಳ ದಾರಿ ಹನ್ನೊಂದಕ್ಕೇ ತೀರ್ಮಾನ ಆಗಿಹೋಗಿತ್ತು. ಮಕ್ಕಳ ತಲೆಯೊಳಗೆ ಒಂದು ವಸ್ತು ಇದೆ, ಅದನ್ನ ಅಳೆದಿದ್ದೇವೆ ಅನ್ನೋ ನಂಬಿಕೆಗೆ ಒಂದು ಹೆಸರು ಸಾಕಾಗಿತ್ತು.

ಗಣಿತದ ಕಡೆಯಿಂದ ಇದಕ್ಕೆ ಕಡಿವಾಣ ಹಾಕೋ ಪ್ರಯತ್ನಗಳೂ ನಡೆದವು. ಅದರಲ್ಲಿ ನಮ್ಮ ಕಡೆ ಹುಟ್ಟಿದವರೊಬ್ಬರ ಕೈ ಇದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು 1955ರಲ್ಲಿ ‘ಸೈಕೋಮೆಟ್ರಿಕಾ’ ಪತ್ರಿಕೆಯಲ್ಲಿ ಫ್ಯಾಕ್ಟರ್ ಅನಾಲಿಸಿಸ್ ಬಗ್ಗೆ ಬರೆದರು. ಕಣ್ಣಿಗೆ ಕಾಣೋ ಅಂಕಿಗಳ ಜೊತೆ ಅತಿ ಹೆಚ್ಚು ಸಂಬಂಧ ಇರೋ ಫ್ಯಾಕ್ಟರುಗಳನ್ನ ಹುಡುಕೋ ದಾರಿ ತೋರಿಸಿದರು. ಎಷ್ಟು ಫ್ಯಾಕ್ಟರಿಗೆ ಈ ಡೇಟಾದಲ್ಲಿ ಆಧಾರ ಇದೆ, ಎಷ್ಟು ಬರೀ ಸ್ಯಾಂಪಲ್ಲಿನ ಗದ್ದಲ ಅಂತ ಪರೀಕ್ಷೆ ಮಾಡೋ ಪ್ರಶ್ನೆಯನ್ನ ಮುಂದಿಟ್ಟರು. ಎಷ್ಟು ಅನ್ನೋದಕ್ಕೆ ಹೀಗೆ ಉತ್ತರ ಹುಡುಕಬಹುದು. ಏನು ಅನ್ನೋದಕ್ಕೆ ಆ ಪರೀಕ್ಷೆಯಲ್ಲಿ ಉತ್ತರ ಇಲ್ಲ.

ಬಿಸಿನೆಸ್ ಸ್ಕೂಲುಗಳಿಗೆ ಇದು ಬಂದಾಗ ಕಂಪ್ಯೂಟರ್ ಕೆಲಸ ಹಗುರ ಮಾಡಿತ್ತು. 1988ರಲ್ಲಿ ಪರಶುರಾಮನ್, ಝೈತಾಮಲ್, ಬೆರಿ ಮೂವರು ‘ಸರ್ವ್‌ಕ್ವಾಲ್’ ಅನ್ನೋ ಅಳತೆಗೋಲು ತಂದರು. ಗ್ರಾಹಕರಿಗೆ ಕೇಳೋ 97 ಪ್ರಶ್ನೆಗಳಿಂದ ಶುರುಮಾಡಿ, ಸೋಸಿ ಸೋಸಿ 22ಕ್ಕೆ ಇಳಿಸಿದರು. ಸೇವೆಯ ಗುಣಮಟ್ಟಕ್ಕೆ ಐದು ಮುಖ ಅಂದರು. ನಮ್ಮ ಎಂಬಿಎ ಪ್ರಾಜೆಕ್ಟುಗಳಲ್ಲಿ ಬ್ಯಾಂಕು, ಆಸ್ಪತ್ರೆ, ಹೋಟೆಲ್ ಅಂತ ಎಲ್ಲದಕ್ಕೂ ಇದನ್ನ ಹಚ್ಚಿದವರು ಲೆಕ್ಕವಿಲ್ಲ. ಬೇರೆ ಉದ್ಯಮಗಳಲ್ಲಿ ಪರೀಕ್ಷಿಸಿದವರಿಗೆ ಆ ಐದು ಮುಖ ಯಾವಾಗಲೂ ಹಾಗೇ ಸಿಗಲಿಲ್ಲ.

ಅಲ್ಲಿ ಇನ್ನೊಂದು ಕಥೆ ಇದೆ, ಸಾಫ್ಟ್‌ವೇರಿನವರಿಗೆ ಥಟ್ಟನೆ ಅರ್ಥವಾಗೋ ಅಂಥದ್ದು: ಡೀಫಾಲ್ಟ್ ಸೆಟ್ಟಿಂಗ್. ಒಂದು ಪ್ರಶ್ನೆ ಒಂಟಿಯಾಗಿ ಹೊರುವಷ್ಟು ಭಾರವನ್ನಾದರೂ ಹೊರದ ಫ್ಯಾಕ್ಟರನ್ನ ಬಿಡಿ, ಉಳಿದವನ್ನ ‘ವೆರಿಮ್ಯಾಕ್ಸ್’ ಅನ್ನೋ ರೀತಿಯಲ್ಲಿ ತಿರುಗಿಸಿ ಅನ್ನೋ ಹೆನ್ರಿ ಕೈಸರ್‌ನ ವಿಧಾನಕ್ಕೆ ‘ಲಿಟಲ್ ಜಿಫಿ’ ಅನ್ನೋ ಅಡ್ಡಹೆಸರಿತ್ತು. ಚಿಟಿಕೆ ಹೊಡೆಯೋದರಲ್ಲಿ ಕೆಲಸ ಮುಗೀತು ಅಂತ. ಅದರ ಬಹುಪಾಲು ಎಸ್‌ಪಿಎಸ್‌ಎಸ್‌ನಂಥ ಸಾಫ್ಟ್‌ವೇರಿನಲ್ಲಿ ಕೂತಿತು. ಓಕೆ ಒತ್ತಿದರೆ ಟೇಬಲ್ ಬರುತ್ತೆ. ಅಲ್ಲಿ ಬರೆದಿರೋದು ಫ್ಯಾಕ್ಟರ್ 1, ಫ್ಯಾಕ್ಟರ್ 2. ‘ನಾಯಕತ್ವ’, ‘ಬದ್ಧತೆ’, ‘ಕಲ್ಚರ್ ಫಿಟ್’ ಅನ್ನೋ ಪದಗಳನ್ನ ರಿಪೋರ್ಟಿಗೆ ಸೇರಿಸೋದು ಟೇಬಲ್ ನೋಡಿದ ಮನುಷ್ಯ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ ನನ್ನಂಥವನು ಗುಂಪು ಚರ್ಚೆಯಲ್ಲಿ ಇಂಗ್ಲಿಷಿಗೆ ತಡವರಿಸಿದರೆ, ಐದಾರು ಅಂಕಣಗಳಲ್ಲಿ ಒಟ್ಟಿಗೆ ಮಾರ್ಕು ಇಳಿಯುತ್ತೆ. ಅವು ಒಟ್ಟಿಗೆ ಇಳಿದದ್ದರಿಂದ ಚೆಂದದ ಒಂದು ಫ್ಯಾಕ್ಟರ್ ಬರುತ್ತೆ. ಅದಕ್ಕೆ ‘ಆತ್ಮವಿಶ್ವಾಸ’ ಅಂತ ಹೆಸರಿಡ್ತೀರೋ, ‘ಇಂಗ್ಲಿಷ್ ರೂಢಿ’ ಅಂತ ಇಡ್ತೀರೋ? ಮೊದಲನೆಯದಾದರೆ ಹುಡುಗನನ್ನ ಮನೆಗೆ ಕಳಿಸ್ತೀರಿ. ಎರಡನೆಯದಾದರೆ ಮೂರು ತಿಂಗಳು ಕಲಿಸ್ತೀರಿ.

ಹೀಗಂತ ಹಲವು ಅಂಕಿಗಳನ್ನ ಒಂದು ಮಾಡೋದೇ ತಪ್ಪಾ? ನಮ್ಮ ತಾಲೂಕಿನವನಾಗಿ ನಾನು ಹಾಗೆ ಅನ್ನಲಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಫ್ಯಾಕ್ಟರ್ ಅನಾಲಿಸಿಸ್‌ನ ಹತ್ತಿರದ ನೆಂಟ: 35 ಸೂಚಕಗಳನ್ನ ಕೂಡಿಸಿ ಪ್ರತಿ ತಾಲೂಕಿಗೆ ಒಂದು ಸೂಚ್ಯಂಕ. 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಬಂತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಆ ಒಂದು ಅಂಕಿ ಇಲ್ಲದಿದ್ದರೆ ನಮ್ಮ ಭಾಗದ ಮಾತು ವಿಧಾನಸೌಧದಲ್ಲಿ ಬರೀ ಗೋಳಾಗಿ ಉಳೀತಿತ್ತು. ಅಂಕಿ ಬಂದ ಮೇಲೆ ಅದು ವಾದವಾಯಿತು.

ಆದರೆ ಅದೇ ಪಟ್ಟಿಯಲ್ಲಿ ಸಿಂಧನೂರೂ ‘ಅತ್ಯಂತ ಹಿಂದುಳಿದ’, ಲಿಂಗಸುಗೂರೂ ‘ಅತ್ಯಂತ ಹಿಂದುಳಿದ’. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಇದೆ, ರೈಸ್ ಮಿಲ್ಲುಗಳಿವೆ. ಲಿಂಗಸುಗೂರಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ಅದರ ಸುತ್ತಲೇ ಮಳೆ ನಂಬಿ ಕೂತ ಹೊಲಗಳಿವೆ. ಎರಡರ ಕೊರತೆಯೂ ಬೇರೆ, ಮದ್ದೂ ಬೇರೆ. ಆಗ ಮಸ್ಕಿಗಂತೂ ಆ ಪಟ್ಟಿಯಲ್ಲಿ ತನ್ನದೇ ಸಾಲು ಇರಲಿಲ್ಲ, ಅದು ಲಿಂಗಸುಗೂರಿನೊಳಗೆ ಕರಗಿತ್ತು. ತಾಲೂಕಾದದ್ದು ಆಮೇಲೆ. ಮುಂದೆ ನಮ್ಮ ರೈತರು 5ಎ ಕಾಲುವೆ ಬೇಕು ಅಂತ ಧರಣಿ ಕೂತಾಗ ಅವರು ಕೇಳಿದ್ದು ‘ಅಭಿವೃದ್ಧಿ’ ಅನ್ನೋ ಫ್ಯಾಕ್ಟರನ್ನ ಅಲ್ಲ, ನೀರನ್ನ.

ಹಾಗಾದರೆ ಹೆಸರು ಸರಿ ಅಂತ ತಿಳಿಯೋದು ಹೇಗೆ? ಪಿಯದಸಿಯ ವಿಷಯದಲ್ಲಿ ಮೊದಲು ಓದಿದ ಶಾಸನಗಳನ್ನೇ ಇನ್ನೂ ನೂರು ಸಲ ಓದಿದ್ದರೂ ಅಶೋಕ ಅನ್ನೋ ಹೆಸರು ಹೊರಬರುತ್ತಿರಲಿಲ್ಲ. ಹೊರಗಿನಿಂದ ಒಂದು ಗ್ರಂಥ ಬೇಕಾಯಿತು, ಆಮೇಲೆ ಹೊಸ ಬಂಡೆ ಬೇಕಾಯಿತು, ಅದೂ ಬೇರೆಬೇರೆ ಕಡೆ. ಸಂಶೋಧನೆಯಲ್ಲೂ ಅಷ್ಟೇ. ಬೇರೆ ಊರಿನ, ಬೇರೆ ಭಾಷೆಯ ಜನರಲ್ಲಿ ಅದೇ ಫ್ಯಾಕ್ಟರ್ ಬರುತ್ತಾ? ಪ್ರಶ್ನಾವಳಿಯ ಹೊರಗೆ, ಆ ಜನರ ನಿಜವಾದ ಕೆಲಸದಲ್ಲಿ ಅದು ಕಾಣಿಸುತ್ತಾ? ಅದೇ ಅಂಕಿಗಳಿಗೆ ಬೇರೆ ಹೆಸರಿಟ್ಟರೂ ಹೊಂದುತ್ತಾ? ಮುಂದಿನ ಸಲ ಆಫೀಸಿನ ಸ್ಲೈಡಿನಲ್ಲಿ ನಿಮ್ಮ ಟೀಮಿಗೆ ‘ಬದ್ಧತೆ 3.2’ ಅಂತ ಬಂದರೆ, ಅದರ ಕೆಳಗೆ ಯಾವ ಯಾವ ಪ್ರಶ್ನೆ ಇದ್ದವು ತೋರಿಸಿ ಅಂತ ಕೇಳಿ. ‘ರಾತ್ರಿ ಒಂಬತ್ತಕ್ಕೆ ಕಾಲ್ ಬಂದರೆ ತಗೋತೀರಾ’ ಅನ್ನೋದು ಅದರಲ್ಲಿ ಇದ್ದರೆ, ಆ ಫ್ಯಾಕ್ಟರಿಗೆ ಏನು ಹೆಸರಿಡಬೇಕು ಅಂತ ಮೀಟಿಂಗಿನಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತೆ.