ಮಕ್ಕಳಿಗೆ ಲೋಕ ತಿಳಿಸಿದವರ ಹೊಟ್ಟೆಪಾಡು

ಕನ್ನಡದ ಮಕ್ಕಳ ಜ್ಞಾನಸಾಹಿತ್ಯದ ಮಾತು ಬಂದಾಗಲೆಲ್ಲ 1936ರಿಂದ ಶುರುಮಾಡುವುದು ವಾಡಿಕೆ. ಆ ವರ್ಷ ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಹೊರಬಂದವು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ನಡುವೆಯೇ ಬಿಟ್ಟಿದ್ದ, ವಿಜ್ಞಾನದ ಪದವಿಯಿಲ್ಲದ ಕಾದಂಬರಿಕಾರರೊಬ್ಬರು ನೆಲ, ನೀರು, ನಕ್ಷತ್ರ, ಪ್ರಾಣಿ, ಯಂತ್ರಗಳನ್ನೆಲ್ಲ ಮಕ್ಕಳ ಮುಂದೆ ಬಿಡಿಸಿಟ್ಟ ಈ ಕೆಲಸ ಸಾಮಾನ್ಯದ್ದಲ್ಲ. ಆದರೆ ಹೀಗೆ ಶುರುವಾದ ಮಾತು ಬಹಳ ಸಲ ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತದೆ: ಈಗ ಅಂಥವರೆಲ್ಲಿ, ಮಕ್ಕಳಿಗಾಗಿ ಅಷ್ಟು ದುಡಿಯುವ ಲೇಖಕರೆಲ್ಲಿ? ಪ್ರತಿಭೆಯ ಬರ ಬಂದದ್ದರಿಂದ ಪುಸ್ತಕದ ಬರ ಬಂತು ಎಂಬ ಈ ತೀರ್ಮಾನವನ್ನು ಹಳೆಯ ದಾಖಲೆ ಒಪ್ಪುವುದಿಲ್ಲ. ಮಕ್ಕಳಿಗೆ ಕತೆಯಲ್ಲದ ಪುಸ್ತಕ ಬರೆಯುವ ಕಸುಬಿನಿಂದ ಕನ್ನಡದಲ್ಲಿ ಯಾರೂ ಹೊಟ್ಟೆ ಹೊರೆದುಕೊಂಡಂತಿಲ್ಲ. ಬೇರೊಂದು ಸಂಬಳ, ಬೇರೊಂದು ಆದಾಯ ಈ ಬರವಣಿಗೆಯನ್ನು ಸಾಕಿತು. ಆ ಸಂಬಳ ಯಾವುದು, ಬರೆದುಕೊಡಿ ಎಂದು ಕೇಳಿದವರು ಯಾರು ಎಂಬುದರ ಮೇಲೆ ಪುಸ್ತಕದ ಗಾತ್ರ, ಧಾಟಿ, ಆಯುಸ್ಸು ನಿಂತಿತ್ತು.

ಕಾರಂತರಿಗಿಂತ ಹಿಂದಿನವರನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಪಂಜೆ ಮಂಗೇಶರಾಯರು ಶಿಕ್ಷಣ ಇಲಾಖೆಯ ನೌಕರರು. ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು. 1921ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬಾಲ ಸಾಹಿತ್ಯ ಮಂಡಲ ಅವರ ಮುಂದಾಳುತನದ್ದು. ಶಾಲೆಯಿಂದ ಶಾಲೆಗೆ ತಿರುಗುವ ಅಧಿಕಾರಿಗೆ ಮಕ್ಕಳು ಯಾವ ವಾಕ್ಯದಲ್ಲಿ ಎಡವುತ್ತಾರೆ, ಯಾವ ಪಾಠದಲ್ಲಿ ತೂಕಡಿಸುತ್ತಾರೆ ಎಂಬುದು ಕಣ್ಣಿಗೆ ಕಂಡ ಸಂಗತಿ. ಅವರ ಗದ್ಯದ ಹಗುರಕ್ಕೆ ಆ ನೌಕರಿಯೂ ಒಂದು ಕಾರಣವೆಂದರೆ ಅವರ ಪ್ರತಿಭೆಗೆ ಕುಂದಿಲ್ಲ. ಅತ್ತ ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಮಕ್ಕಳಿಗೆಂದೇ ಮೀಸಲಾದ ಪತ್ರಿಕೆಯಲ್ಲ, ಆದರೆ ಮುಂದೆ ಮಕ್ಕಳಿಗೆ ಬರೆಯುವವರು ತುಳಿದ ದಾರಿಯನ್ನು ಮೊದಲು ಕಡಿದವರು ಇವರೇ. ಪತ್ರಿಕೆ ನಡೆದದ್ದು ಎರಡು ವರ್ಷ. ಸಂಪಾದಕರ ಊಟಕ್ಕೆ ಕಾಲೇಜಿನ ಸಂಬಳವಿತ್ತು, ಆದರೆ ಆ ಸಂಬಳ ಕಾಗದ ಕೊಳ್ಳುವುದಿಲ್ಲ, ಅಚ್ಚುಕೂಟದ ಬಿಲ್ಲು ತೀರಿಸುವುದಿಲ್ಲ. ಬರೆಯುವವನನ್ನು ಸಾಕುವುದು ಒಂದು, ಪುಸ್ತಕವನ್ನು ಸಾಕುವುದು ಇನ್ನೊಂದು. ಈ ಎರಡನೆಯದಕ್ಕೆ ದಿಕ್ಕಿಲ್ಲದೆ ನಿಂತುಹೋದ ಕನ್ನಡ ಪತ್ರಿಕೆಗಳ ಪಟ್ಟಿ ಉದ್ದವಿದೆ.

ಆಗಿನ ಮಾರುಕಟ್ಟೆಯ ಸ್ಥಿತಿಯನ್ನು ಮರೆತು ಲೇಖಕರ ಛಲವನ್ನಷ್ಟೇ ಹೊಗಳುವುದು ಅರ್ಧ ಚರಿತ್ರೆ. 1956ರ ನವೆಂಬರ್ 1ರ ಏಕೀಕರಣದವರೆಗೆ ಕನ್ನಡ ಓದುವ ಮಕ್ಕಳು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಎಂದು ಹಂಚಿಹೋಗಿದ್ದರು. ಒಂದೊಂದು ಆಡಳಿತಕ್ಕೂ ಒಂದೊಂದು ಶಿಕ್ಷಣ ಇಲಾಖೆ. ಮಂಗಳೂರಿನ ಶಾಲೆಗೆ ಒಪ್ಪಿಗೆಯಾದ ಪುಸ್ತಕ ಧಾರವಾಡಕ್ಕೆ ನಡೆಯಬೇಕೆಂದಿಲ್ಲ, ಧಾರವಾಡದ್ದು ರಾಯಚೂರಿಗೆ ಬೇಕಾಗಬೇಕೆಂದಿಲ್ಲ. ಪಠ್ಯಪುಸ್ತಕ ಬರೆದವನಿಗೆ ಕಡೇಪಕ್ಷ ತನ್ನ ಸೀಮೆಯೊಳಗೆ ಗೊತ್ತಾದ ಗಿರಾಕಿ ಇದ್ದ. ಪಠ್ಯದ ಹೊರಗೆ ಮಕ್ಕಳು ಓದಲಿ ಎಂದು ಬರೆದವನಿಗೆ ಅದೂ ಇಲ್ಲ. ಮೇಲಾಗಿ ಈ ಬಗೆಯ ಪುಸ್ತಕಕ್ಕೆ ಚಿತ್ರ ಬೇಕೇ ಬೇಕು. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಪ್ರತಿ ಚಿತ್ರಕ್ಕೂ ಬೇರೆ ಬ್ಲಾಕ್ ಮಾಡಿಸಬೇಕು, ಅದರ ಹಣ ಮೊದಲೇ ಕೊಡಬೇಕು. ಕಾದಂಬರಿಗೆ ಈ ಖರ್ಚಿಲ್ಲ. ತಿಮಿಂಗಿಲದ ವರ್ಣನೆ ಎಷ್ಟೇ ಚೆನ್ನಾಗಿದ್ದರೂ ಮಡಿಕೇರಿಯ ಹುಡುಗನಿಗೆ ತಿಮಿಂಗಿಲ ಕಾಣಬೇಕಾದರೆ ಯಾರೋ ಒಬ್ಬರು ಆ ಬ್ಲಾಕಿಗೆ ದುಡ್ಡು ಹೂಡಬೇಕಿತ್ತು.

ಹಾಗಾದರೆ ಕಾರಂತರು? ಅವರಿಗೆ ಸರಕಾರಿ ನೌಕರಿ ಇರಲಿಲ್ಲ, ಕಾಲೇಜಿನ ಸಂಬಳ ಇರಲಿಲ್ಲ. ಮನಸ್ಸೊಂದಿದ್ದರೆ ಸಾಕೆಂದು ಅವರೇ ತೋರಿಸಲಿಲ್ಲವೇ ಎಂದು ಕೇಳಬಹುದು. ಬೇರೊಂದು ಸಂಬಳವೇ ಈ ಬರವಣಿಗೆಯನ್ನು ಸಾಕಿತು ಎಂಬ ವಾದದ ವಿರುದ್ಧ ನಿಲ್ಲುವ ಗಟ್ಟಿ ಉದಾಹರಣೆ ಅವರೇ, ಅದನ್ನು ತೇಲಿಸಿಬಿಡುವಂತಿಲ್ಲ. ಆದರೆ ಕಾರಂತರ ಬದುಕನ್ನು ಬಿಡಿಸಿ ನೋಡಿದರೆ ಅಲ್ಲಿ ಕಾಣುವವರು ಒಬ್ಬ ಲೇಖಕರಲ್ಲ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’ಗಳ ಕಾದಂಬರಿಕಾರರು, ನಾಟಕ ಆಡಿಸಿದವರು, ನಿಘಂಟು ಮಾಡಿದವರು, ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದವರು, ಅದೇ ಊರಲ್ಲಿ ಹರ್ಷ ಮುದ್ರಣಾಲಯ, ಹರ್ಷ ಪ್ರಕಟನಾಲಯ ಕಟ್ಟಿದವರು. ಒಂದು ಕೆಲಸದ ನಷ್ಟವನ್ನು ಇನ್ನೊಂದರ ಗಳಿಕೆಯಿಂದ ತುಂಬುತ್ತ, ಕೆಲವೊಮ್ಮೆ ತುಂಬಲಾರದೆ ಸಾಲ ಹೊರುತ್ತ ನಡೆದ ಬಾಳು ಅದು. ಸಂಸ್ಥೆಯಿಲ್ಲದ ಕಡೆ ಅವರೊಬ್ಬರೇ ಸಂಸ್ಥೆಯಾದರು. ‘ಬಾಲ ಪ್ರಪಂಚ’ ಮುಗಿದು ಎರಡು ದಶಕ ಕಳೆದ ಮೇಲೆ 1959ರಿಂದ 1964ರ ನಡುವೆ ಅವರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ತಂದರು; ಮುಗಿಸುವಾಗ ಅವರಿಗೆ ಅರವತ್ತು ದಾಟಿತ್ತು. ಅರವತ್ತರ ಆಸುಪಾಸಿನಲ್ಲಿ ಒಬ್ಬರೇ ಕೂತು ವಿಶ್ವಕೋಶ ಬರೆಯುವುದು ಮೆಚ್ಚತಕ್ಕದ್ದೇ, ಆದರೆ ನಾಡಿನ ಮಕ್ಕಳಿಗೆ ತಿಳಿವಳಿಕೆ ಒದಗಿಸಲು ಅಂಥ ಸಾಹಸವೇ ಬೇಕಾಯಿತು ಎಂಬುದು ನಾಡಿಗೆ ಹೆಮ್ಮೆಯ ವಿಷಯವೇನಲ್ಲ. ಒಬ್ಬರ ಬೆನ್ನ ಮೇಲೆ ನಿಂತ ಕೆಲಸ ಅವರು ಸುಸ್ತಾದಾಗ ಸುಸ್ತಾಗುತ್ತದೆ. ವಿಜ್ಞಾನ ದಿನೇ ದಿನೇ ಬದಲಾಗುವಾಗ ಇಂಥ ಕೋಶಗಳನ್ನು ಕೆಲವು ವರ್ಷಕ್ಕೊಮ್ಮೆ ತಿದ್ದಿ ತರಬೇಕು. ತಿದ್ದುವುದಕ್ಕೆ ಒಂದು ಕಚೇರಿ, ಒಂದು ಮೇಜು, ಒಬ್ಬ ಸಂಬಳದ ಮನುಷ್ಯ ಬೇಕು.

ಇಂಗ್ಲೆಂಡಿನಲ್ಲಿ ಏನಾಯಿತೆಂದು ಇಲ್ಲಿ ನೆನೆದರೆ ತಪ್ಪಾಗದು. ಆರ್ಥರ್ ಮೀ ಎಂಬ ಪತ್ರಕರ್ತರ ಮಕ್ಕಳ ವಿಶ್ವಕೋಶ 1908ರಿಂದ ಎರಡು ವಾರಕ್ಕೊಂದು ಕಂತಿನಂತೆ ಹೊರಬಂತು, ಆಮೇಲೆ ಸಂಪುಟವಾಯಿತು. ಕಂತಿನ ಹಣ ಬಂದ ಹಾಗೆ ಮುಂದಿನ ಕಂತು ಅಚ್ಚಾಗುವ ವ್ಯವಸ್ಥೆ ಅದು. ಹಿಂದೆ ಪತ್ರಿಕಾ ಪ್ರಕಾಶಕರ ಬಂಡವಾಳ, ಮೀ ಅವರ ಕೈಕೆಳಗೆ ಬರೆಯುವವರ ತಂಡ. ಒಂದೇ ಬಗೆಯ ಹೆಬ್ಬೊತ್ತಗೆಯನ್ನು ಅಲ್ಲಿ ಒಂದು ಉದ್ದಿಮೆ ಮಾಡಿತು, ಇಲ್ಲಿ ಪುತ್ತೂರಿನ ಒಂದು ಮನೆ ಮಾಡಿತು.

ಏಕೀಕರಣದ ನಂತರ ಗಾಳಿ ತಿರುಗಿದ್ದು ಕಾಕತಾಳೀಯವಲ್ಲ. ಒಂದೇ ಶಿಕ್ಷಣ ಇಲಾಖೆ ಬಂತು, 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು, 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ ಬಂತು. ಅದಾದ ಹತ್ತು ವರ್ಷಗಳಲ್ಲಿ ಮಕ್ಕಳಿಗಾಗಿ ಬಂದ ಜ್ಞಾನಸಾಹಿತ್ಯದ ರಾಶಿಗೆ ಹಿಂದೆ ಸಾಟಿಯಿರಲಿಲ್ಲ. ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂತು. ಅದೇ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಸಾಹಿತ್ಯ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ‘ಭಾರತ-ಭಾರತಿ’ ಮಾಲೆಯಲ್ಲಿ ಐನೂರಕ್ಕೂ ಮಿಕ್ಕಿ ಜೀವನಚರಿತ್ರೆಯ ಕಿರುಹೊತ್ತಗೆಗಳನ್ನು ತಂದಿತು. ನಿರಂಜನರು ಎಡಪಂಥದವರು, ರಾಷ್ಟ್ರೋತ್ಥಾನದ್ದು ರಾಷ್ಟ್ರೀಯ ಸ್ವಯಂಸೇವಕ ಸಂಘದ ಬಳಗ. ಲೋಕವನ್ನು ನೋಡುವ ಕಣ್ಣು ಪೂರಾ ಬೇರೆ, ಆದರೆ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ: ಒಬ್ಬ ಸಂಪಾದಕ, ಅವನು ಹೇಳಿ ಬರೆಸಿದ ಹತ್ತಾರು, ನೂರಾರು ಅಧ್ಯಾಪಕರು, ಮೊದಲೇ ಗೊತ್ತುಮಾಡಿದ ಪುಟ, ಮೊದಲೇ ಗೊತ್ತುಮಾಡಿದ ಗಡುವು. ಸಿದ್ಧಾಂತಕ್ಕಿಂತ ಈ ಕ್ರಮವೇ ಪುಸ್ತಕಗಳನ್ನು ಹೆತ್ತಿತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಈ ಕ್ರಮಕ್ಕೆ ಬೆಲೆಯೂ ತೆರಬೇಕಾಯಿತು. ಮಾಲೆಯ ಅಳತೆ ಎಲ್ಲರಿಗೂ ಒಂದೇ. ಇಪ್ಪತ್ಮೂರಕ್ಕೆ ನೇಣಿಗೇರಿದ ಭಗತ್ ಸಿಂಗ್ ಆಗಲಿ, ನೂರು ವರ್ಷ ತುಂಬಿಸಿದ ವಿಶ್ವೇಶ್ವರಯ್ಯ ಆಗಲಿ, ಕಿರುಹೊತ್ತಗೆಯ ಅಷ್ಟೇ ಪುಟಗಳಲ್ಲಿ ಹುಟ್ಟಿ ಬೆಳೆದು ಮುಗಿಯಬೇಕು. ಬಾಲ್ಯದಲ್ಲೊಂದು ಸತ್ಯನಿಷ್ಠೆಯ ಪ್ರಸಂಗ, ನಡುವೆ ಕಷ್ಟ, ಕೊನೆಗೆ ಕೀರ್ತಿ ಎಂಬ ಅಚ್ಚಿಗೆ ಎಷ್ಟೋ ಬದುಕುಗಳನ್ನು ಸುರಿಯಲಾಯಿತು. ದೊಡ್ಡವರ ಸಣ್ಣತನ, ಸೋಲು, ಜಗಳಗಳಿಗೆ ಆ ಪುಟಗಳಲ್ಲಿ ಎಡೆಯಿರಲಿಲ್ಲ. ಈ ದೂರು ನಿಜ, ಆದರೆ ಅದನ್ನು ಬರೆದವರ ಸೋಮಾರಿತನಕ್ಕೆ ಹೊರಿಸುವುದು ಅನ್ಯಾಯ. ಹಗಲು ಪಾಠ ಹೇಳಿ, ಸಂಜೆ ಉತ್ತರಪತ್ರಿಕೆ ತಿದ್ದಿ, ರಾತ್ರಿ ಗಡುವಿಗೆ ಬರೆಯುವ ಅಧ್ಯಾಪಕ ದಾಖಲೆ ಹುಡುಕಿಕೊಂಡು ಊರೂರು ಅಲೆಯಲಾರ. ಕೈಗೆ ಸಿಕ್ಕ ಎರಡು ಮೂರು ಗ್ರಂಥಗಳನ್ನು ಓದಿ, ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಇಳಿಸುವುದಷ್ಟೇ ಅವನ ಪಾಲಿಗೆ ಉಳಿದ ಕೆಲಸ. ಅದೂ ಸುಲಭದ್ದಲ್ಲ.

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ. ಇವೆಲ್ಲ ಇಂಗ್ಲಿಷಿನಿಂದ ಎತ್ತಿದ ಸರಕು. ಸಂಗ್ರಹಕಾರನನ್ನು ಲೇಖಕನೆಂದು ಕರೆದು ಅವನ ದುಡಿಮೆಗೆ ಇಷ್ಟು ತೂಕ ಕೊಡಬೇಕೇ? ಸರಕು ಎರವಿನದು ಹೌದು. ಆದರೆ ಹತ್ತು ವರ್ಷದ ಮಗುವಿಗೆ ಪರಮಾಣುವನ್ನು ಹೇಳಹೊರಟವನು ಯಾವುದನ್ನು ಬಿಡಬೇಕು, ಯಾವುದನ್ನು ಮೊದಲು ಹೇಳಬೇಕು ಎಂಬ ನೂರು ನಿರ್ಧಾರ ಮಾಡುತ್ತಾನೆ, ಅದನ್ನು ಯಾವ ಇಂಗ್ಲಿಷ್ ಪುಸ್ತಕವೂ ಅವನಿಗೆ ಮಾಡಿಕೊಡುವುದಿಲ್ಲ. ಮೂಲದಲ್ಲಿ ಸೇಬು, ಗೋಧಿ, ಹಿಮ ಇದ್ದ ಕಡೆ ಇಲ್ಲಿನ ಮಗು ಕಂಡ ಭತ್ತ, ಹಲಸು, ಆಲಿಕಲ್ಲು ಬರಬೇಕು; ಬಂದ ಮೇಲೆ ವಿಜ್ಞಾನ ಕೆಡಬಾರದು. ಮೈಸೂರಿನ ರಸಾಯನ ವಿಜ್ಞಾನದ ಪ್ರಾಧ್ಯಾಪಕ ಜೆ. ಆರ್. ಲಕ್ಷ್ಮಣರಾಯರು ಈ ಎರಡನ್ನೂ ಬಲ್ಲವರಾಗಿದ್ದರು. 1978ರಲ್ಲಿ ಶುರುವಾಗಿ ಮುಂದೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮುಖವಾಣಿಯಾದ ‘ಬಾಲವಿಜ್ಞಾನ’ ಮಾಸಪತ್ರಿಕೆ ಅವರ ಸಂಪಾದಕತ್ವದಲ್ಲಿ ಬೆಳೆಯಿತು. ಬೆಳ್ಳಾವೆಯವರ ಪತ್ರಿಕೆ ಎರಡು ವರ್ಷಕ್ಕೆ ನಿಂತಿತ್ತು. ಇದು ದಶಕಗಳ ಕಾಲ ನಡೆಯಿತು. ಎರಡೂ ಕಡೆ ಸಂಪಾದಕರು ವಿಜ್ಞಾನದ ಮೇಷ್ಟರೇ, ಎರಡೂ ಕಡೆ ಶ್ರದ್ಧೆ ಒಂದೇ. ವ್ಯತ್ಯಾಸವೆಂದರೆ ಎರಡನೆಯದರ ಬೆನ್ನಿಗೆ ಒಂದು ಪರಿಷತ್ತು ಇತ್ತು, ಪತ್ರಿಕೆ ತರಿಸುವ ಶಾಲೆಗಳಿದ್ದವು.

ಹೊರಗಿನ ಸಂಪನ್ಮೂಲ ಎಷ್ಟು ಮುಖ್ಯವೆಂಬುದಕ್ಕೆ ಮಾಸ್ಕೋದಲ್ಲಿ ಅಚ್ಚಾಗಿ ಬರುತ್ತಿದ್ದ ಕನ್ನಡ ಪುಸ್ತಕಗಳನ್ನೂ ನೆನೆಯಬಹುದು. ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಅವು ಕಾಸಿನ ಬೆಲೆಗೆ, ಬಣ್ಣದ ಚಿತ್ರಗಳೊಂದಿಗೆ ಸಿಗುತ್ತಿದ್ದವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಆ ಹೊಳೆ ಬತ್ತಿತು. ಓದುಗರು ಇಲ್ಲೇ ಇದ್ದರು, ಅನುವಾದಿಸಬಲ್ಲವರೂ ಇದ್ದರು, ಹಣ ಹಾಕುತ್ತಿದ್ದವರು ಇಲ್ಲವಾದರು. ಇಂಥ ಹೊರಗಿನ ಸಹಾಯದ ಹಂಗಿಲ್ಲದೆ ಬರೆದವರಿಗೆ ಬೇರೆ ಆಸರೆ ಇತ್ತು. ಹದಿನಾರು ಪುಸ್ತಕಗಳ ‘ಮಿಲೆನಿಯಂ’ ಸರಣಿ ಬರೆದ ಪೂರ್ಣಚಂದ್ರ ತೇಜಸ್ವಿಯವರಿಗೆ ಮೂಡಿಗೆರೆಯ ಕಾಫಿ ತೋಟವಿತ್ತು. 2010ರಲ್ಲಿ ಸಾಹಿತ್ಯ ಅಕಾಡೆಮಿ ಮೊದಲ ಬಾರಿಗೆ ಬಾಲ ಸಾಹಿತ್ಯ ಪುರಸ್ಕಾರ ಕೊಟ್ಟಾಗ ಕನ್ನಡದಲ್ಲಿ ಅದು ಸಂದದ್ದು ಗಾಂಧೀಜಿಯ ಬದುಕನ್ನು ಮಕ್ಕಳಿಗಾಗಿ ಬರೆದ ಬೊಳುವಾರು ಮಹಮದ್ ಕುಂಞಿಯವರಿಗೆ. ಅವರ ನೌಕರಿ ಬ್ಯಾಂಕಿನದು.

ಈಗ ಇಂಟರ್ನೆಟ್ಟಿನಲ್ಲಿ ಎಲ್ಲವೂ ಸಿಗುವಾಗ ಈ ಚಿಂತೆ ಯಾಕೆ ಎನ್ನುವವರಿದ್ದಾರೆ. ಇಂಗ್ಲಿಷ್ ಓದಬಲ್ಲ ಮಗುವಿನ ಮಟ್ಟಿಗೆ ಆ ಮಾತು ಇರಲಿ. ಕನ್ನಡ ಶಾಲೆಯ ಐದನೇ ತರಗತಿಯ ಹುಡುಗಿಗೆ ಕಪ್ಪೆಯ ಬಗ್ಗೆ, ಕಾವೇರಿಯ ಬಗ್ಗೆ, ಕದಂಬರ ಬಗ್ಗೆ ಅವಳ ಓದಿನ ಮಟ್ಟಕ್ಕೆ ತೂಗಿ ಬರೆದದ್ದನ್ನು ಯಂತ್ರ ತಾನಾಗಿ ಹುಡುಕಿಕೊಡಬೇಕಾದರೆ ಮೊದಲು ಯಾರಾದರೂ ಅದನ್ನು ಬರೆದಿರಬೇಕು. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ದೇಣಿಗೆಯ ಬಲದಿಂದ ಅಗ್ಗದ, ಉಚಿತದ ಪುಸ್ತಕಗಳನ್ನು ಕನ್ನಡದಲ್ಲೂ ತಂದದ್ದು ದೊಡ್ಡ ಕೆಲಸ. ಆದರೆ ಅಲ್ಲಿನ ಕನ್ನಡ ಪುಸ್ತಕಗಳಲ್ಲಿ ಅನುವಾದಗಳದೇ ಮೇಲುಗೈ. ಏಳು ಸಂಪುಟದ ಕೆಲಸವನ್ನು ತಲೆಯ ಮೇಲೆ ಹೊತ್ತು, ಅಧ್ಯಾಪಕರ ಬೆನ್ನು ಬಿದ್ದು ಬರೆಸಿ, ತಿದ್ದಿ, ಮತ್ತೆ ಬರೆಸುವ ಸಂಪಾದಕನ ಕುರ್ಚಿ ಮಾತ್ರ ಖಾಲಿ ಇದೆ.

ಹಳೆಯ ಆಸರೆಯೂ ಸಡಿಲಿದೆ. ಎಪ್ಪತ್ತು ವರ್ಷ ಈ ಬರವಣಿಗೆಯನ್ನು ಹೆಚ್ಚಾಗಿ ಸಾಕಿದ್ದು ಮೇಷ್ಟರ ಸಂಬಳ. ಇಂದಿನ ಅಧ್ಯಾಪಕರ ಬಡ್ತಿಯ ಲೆಕ್ಕದಲ್ಲಿ ತೂಕವಿರುವುದು ಸಂಶೋಧನ ಲೇಖನಗಳಿಗೆ. ಮಕ್ಕಳಿಗಾಗಿ ನಲವತ್ತು ಪುಟ ಬರೆದವರಿಗೆ ಅಲ್ಲಿ ಏನೂ ಗಿಟ್ಟದು. ಲಕ್ಷ್ಮಣರಾಯರ ಕಾಲದವರು ಈ ಕೆಲಸಕ್ಕೆ ಕೊಟ್ಟ ಸಂಜೆಗಳನ್ನು ಇಂದಿನವರು ಕೊಡದಿದ್ದರೆ ಅವರನ್ನು ಬೈದು ಫಲವಿಲ್ಲ. ವಿಶ್ವವಿದ್ಯಾನಿಲಯಗಳು ಮಕ್ಕಳ ಪುಸ್ತಕವನ್ನೂ ಅಧ್ಯಾಪಕರ ಕೆಲಸವೆಂದು ಎಣಿಸಲಿ. ಕನ್ನಡದ ಹೆಸರಿನಲ್ಲಿ ಹಣ ಪಡೆಯುವ ಪ್ರಾಧಿಕಾರ, ಪರಿಷತ್ತುಗಳು ಕಾರಂತರ ಜಯಂತಿಗೆ ಕಟ್ಟುವ ಪೆಂಡಾಲಿನ ಖರ್ಚಿನಲ್ಲಿ ಒಂದಿಷ್ಟು ಉಳಿಸಿ, ಕಿರಿಯರ ವಿಶ್ವಕೋಶಕ್ಕೆಂದೇ ಒಬ್ಬ ಸಂಪಾದಕನನ್ನು ಐದು ವರ್ಷದ ಸಂಬಳ ಕೊಟ್ಟು ಕೂರಿಸಲಿ.